ನಮ್ಮ ವ್ಯಾಪಾರದ ಗುಟ್ಟು, ಸರ್ಕಾರಿ ಕಚೇರಿಯ ಬೀಗದ ಕೈ

ದನದ ಜಾತ್ರೆಯಲ್ಲಿ ವ್ಯಾಪಾರ ಕುದುರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮಾರುವವನೂ ಕೊಳ್ಳುವವನೂ ವಸ್ತ್ರದ ಮರೆಯಲ್ಲಿ ಕೈ ಸೇರಿಸಿ, ಬೆರಳು ಹಿಡಿದು ದರ ತಿಳಿಸುತ್ತಾರೆ. ಸುತ್ತ ನಿಂತ ಹತ್ತಾರು ಮಂದಿಗೆ ವ್ಯವಹಾರ ನಡೆಯುತ್ತಿರುವುದು ಕಾಣುತ್ತದೆ. ದರ ಮಾತ್ರ ತಿಳಿಯುವುದಿಲ್ಲ. ಜವಳಿ ಅಂಗಡಿಗಳಲ್ಲಿ ಅಸಲು ದರವನ್ನು ಅಂಕೆಯಲ್ಲಿ ಬರೆಯದೆ, ಮಾಲೀಕನಿಗೂ ನಂಬಿಕೆಯ ಗುಮಾಸ್ತನಿಗೂ ಮಾತ್ರ ಗೊತ್ತಿರುವ ಅಕ್ಷರಗಳಲ್ಲಿ ಚೀಟಿಯ ಮೇಲೆ ಗುರುತು ಮಾಡುವ ಪದ್ಧತಿಯೂ ಹಳೆಯದೇ. ಆದ್ದರಿಂದ ಇಂದು ಗೂಢಲಿಪೀಕರಣ ಎಂದೂ ಎನ್‌ಕ್ರಿಪ್ಷನ್ ಎಂದೂ ಕರೆಯಲಾಗುವ ವಿದ್ಯೆ ವರ್ತಕ ಸಮುದಾಯಕ್ಕೆ ತೀರ ಅಪರಿಚಿತವಾದುದಲ್ಲ. ಓದಬಲ್ಲವನಿಗೆ ಮಾತ್ರ ಅರ್ಥವಾಗುವಂತೆ, ಉಳಿದವರಿಗೆ ಬರಿಯ ಗೀಚುಗಳಾಗಿ ಕಾಣುವಂತೆ ಮಾಹಿತಿಯನ್ನು ಬರೆದಿಡುವುದೇ ಅದರ ಸಾರ.

ಆದರೆ ಒಂದು ವ್ಯತ್ಯಾಸವಿದೆ. ಅಂದು ಗುಟ್ಟು ನಮ್ಮ ಅಂಗಡಿಯಲ್ಲೇ ಇರುತ್ತಿತ್ತು. ಇಂದು ನಮ್ಮ ವ್ಯಾಪಾರದ ಬಹುಪಾಲು ಗುಟ್ಟುಗಳು ಸರ್ಕಾರಿ ಕಚೇರಿಗಳ ಗಣಕಯಂತ್ರಗಳಲ್ಲಿವೆ. ಯಾರಿಂದ ಖರೀದಿಸುತ್ತೇವೆ, ಯಾರಿಗೆ ಮಾರುತ್ತೇವೆ ಎಂಬುದು ಜಿ.ಎಸ್.ಟಿ. ಲೆಕ್ಕಪತ್ರಗಳಲ್ಲಿದೆ. ಸರಕು ಯಾವ ದಿನ ಯಾವ ಊರಿಗೆ ಹೊರಟಿತು ಎಂಬುದು ಇ-ವೇ ಬಿಲ್ಲಿನಲ್ಲಿದೆ. ಯಾವ ಕಚ್ಚಾವಸ್ತುವನ್ನು ಹೇಗೆ ಸಂಸ್ಕರಿಸುತ್ತೇವೆ ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಿದ ಅರ್ಜಿಯಲ್ಲಿದೆ. ಎಷ್ಟು ಲಾಭಕ್ಕೆ ಕೆಲಸ ಮಾಡಬಲ್ಲೆವು ಎಂಬುದು ಟೆಂಡರಿನ ದರಪಟ್ಟಿಯಲ್ಲಿದೆ. ಇವೆಲ್ಲವನ್ನೂ ಕಾನೂನು ಕೇಳುತ್ತದೆ, ನಾವು ಕೊಡುತ್ತೇವೆ. ಕೊಟ್ಟ ಮೇಲೆ ಅದನ್ನು ಹೇಗೆ ಕಾಪಾಡುತ್ತೀರಿ ಎಂದು ಕೇಳುವ ಹಕ್ಕು ನಮಗೂ ಇದೆ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಆ ಪ್ರಶ್ನೆಯನ್ನು ಎತ್ತುವುದೇ ಈ ಲೇಖನದ ಉದ್ದೇಶ.

ಅರಗಿನ ಮುದ್ರೆಯಿಂದ ಡಿಜಿಟಲ್ ಕೀಲಿಗೆ

ಹಿಂದೆ ಟೆಂಡರು ಎಂದರೆ ಅರಗಿನ ಮುದ್ರೆ ಒತ್ತಿದ ಲಕೋಟೆ. ಮುದ್ರೆ ಒಡೆದಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆದರೂ ಲಕೋಟೆಯನ್ನು ಆವಿಗೆ ಹಿಡಿದು ಬಿಚ್ಚುವ, ಪೆಟ್ಟಿಗೆಯನ್ನೇ ಮಾಯ ಮಾಡುವ, ಟೆಂಡರು ಹಾಕಲು ಬಂದವನನ್ನು ಬಾಗಿಲಲ್ಲೇ ತಡೆಯುವ ಕಥೆಗಳನ್ನು ಹಿರಿಯ ಸದಸ್ಯರು ಇಂದಿಗೂ ಹೇಳುತ್ತಾರೆ. 2000ದಲ್ಲಿ ಮಾಹಿತಿ ತಂತ್ರಜ್ಞಾನ ಅಧಿನಿಯಮ ಜಾರಿಗೆ ಬಂದು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ದೊರೆತ ಮೇಲೆ ಈ ಲಕೋಟೆಯ ಜಾಗಕ್ಕೆ ಕ್ರಮೇಣ ಇ-ಟೆಂಡರು ಬಂತು.

ಇ-ಟೆಂಡರಿನ ಬೆನ್ನೆಲುಬು ಗೂಢಲಿಪೀಕರಣವೇ. ಅದರ ರೀತಿಯನ್ನು ಸರಳವಾಗಿ ಹೀಗೆ ಹೇಳಬಹುದು. ಸಾಮಾನ್ಯ ಬೀಗಕ್ಕೆ ಹಾಕಲೂ ತೆಗೆಯಲೂ ಒಂದೇ ಕೈ. 1970ರ ದಶಕದಲ್ಲಿ ವಿಜ್ಞಾನಿಗಳು ಎರಡು ಕೈಗಳ ಬೀಗವೊಂದನ್ನು ಗಣಿತದ ಮೂಲಕ ಸಾಧಿಸಿ ತೋರಿಸಿದರು. ಒಂದು ಕೈಯಿಂದ ಬೀಗ ಹಾಕಬಹುದಷ್ಟೆ. ತೆರೆಯಲು ಅದರ ಜೊತೆಯ ಇನ್ನೊಂದು ಕೈಯೇ ಬೇಕು. ಮೊದಲನೆಯದನ್ನು ಊರಿಗೆಲ್ಲ ಹಂಚಬಹುದು, ಎರಡನೆಯದನ್ನು ಒಡೆಯನೊಬ್ಬನೇ ಇಟ್ಟುಕೊಳ್ಳಬೇಕು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್.ಐ.ಸಿ., ರೂಪಿಸಿದ ಟೆಂಡರು ವ್ಯವಸ್ಥೆಯಲ್ಲಿ ನಮ್ಮ ದರಪಟ್ಟಿ, ಟೆಂಡರು ತೆರೆಯಲು ನೇಮಕಗೊಂಡ ಅಧಿಕಾರಿಗಳ ಸಾರ್ವಜನಿಕ ಕೀಲಿಯಿಂದ ಮುಚ್ಚಲ್ಪಟ್ಟು ಸರ್ಕಾರದ ಸರ್ವರನ್ನು ಸೇರುತ್ತದೆ. ನಿಗದಿತ ಸಮಯ ಕಳೆದ ಮೇಲೆ, ನೇಮಿತ ಅಧಿಕಾರಿಗಳು ತಮ್ಮ ತಮ್ಮ ಕೀಲಿಗಳೊಂದಿಗೆ ಕುಳಿತಾಗಲೇ ಅದು ತೆರೆಯಬೇಕು. ಒಬ್ಬನೇ ಅಧಿಕಾರಿ ತನ್ನ ಮನಸ್ಸಿಗೆ ಬಂದಾಗ ತೆರೆಯಲಾಗದು.

ಇದರ ಜೊತೆಗೆ ಡಿಜಿಟಲ್ ಸಹಿ ಇನ್ನೊಂದು ಉಪಕಾರ ಮಾಡುತ್ತದೆ. ಕಡತದಲ್ಲಿ ಒಂದು ಅಂಕೆ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ಹಳೆಯ ಅರಗಿನ ಮುದ್ರೆಯ ಕೆಲಸವನ್ನು ಇದು ಅರಗಿಗಿಂತ ನೂರು ಪಾಲು ಚೆನ್ನಾಗಿ ಮಾಡುತ್ತದೆ. ಈ ಗಣಿತವನ್ನು ಎದುರಿಗೆ ನಿಂತು ಒಡೆದು ನಮ್ಮ ದರವನ್ನು ಕದಿಯುವ ಸಾಮರ್ಥ್ಯ ಯಾವ ಪ್ರತಿಸ್ಪರ್ಧಿಗೂ ಇಲ್ಲ. ಹಾಗಾದರೆ ಆತಂಕವೇನು? ಆತಂಕವಿರುವುದು ಬೀಗದಲ್ಲಲ್ಲ, ಬೀಗದ ಕೈ ಯಾರಲ್ಲಿದೆ, ಬೀಗ ತೆಗೆದ ಮೇಲೆ ಒಳಗಿನ ವಸ್ತು ಎಲ್ಲೆಲ್ಲಿ ಅಲೆಯುತ್ತದೆ ಎಂಬುದರಲ್ಲಿ.

ಮುಂಬಾಗಿಲಿಗೆ ಬೀಗ, ಹಿತ್ತಲಲ್ಲಿ ಬಯಲು

ನನ್ನದೇ ಒಂದು ಅನುಭವವನ್ನು ಹೇಳುವುದು ಸೂಕ್ತ. ಕೆಲವು ವರ್ಷಗಳ ಹಿಂದೆ ನಮ್ಮ ಸಣ್ಣ ಘಟಕ ಸರ್ಕಾರಿ ಕಚೇರಿಯೊಂದಕ್ಕೆ ಯಂತ್ರದ ಬಿಡಿಭಾಗಗಳನ್ನು ಪೂರೈಸುವ ಟೆಂಡರಿನಲ್ಲಿ ಭಾಗವಹಿಸಿತ್ತು. ದರಪಟ್ಟಿಯೂ ನಕ್ಷೆಗಳೂ ಕ್ರಮವಾಗಿ ಡಿಜಿಟಲ್ ಸಹಿಯೊಂದಿಗೆ ಜಾಲತಾಣದ ಮೂಲಕ ಸಲ್ಲಿಕೆಯಾದವು. ಟೆಂಡರು ತೆರೆದು ನಮ್ಮದೇ ಕನಿಷ್ಠ ದರವೆಂದು ತಿಳಿದ ಮೇಲೆ ಕಚೇರಿಯಿಂದ ದೂರವಾಣಿ ಬಂತು. ದರ ವಿಶ್ಲೇಷಣೆ ಬೇಕು, ನಕ್ಷೆಯ ಮೂಲ ಕಡತವೂ ಬೇಕು, ಕಚೇರಿಯ ವಿಳಾಸದಲ್ಲಿ ಜಾಗ ತುಂಬಿದೆ, ಆದ್ದರಿಂದ ಈ ಖಾಸಗಿ ಇ-ಮೇಲ್ ವಿಳಾಸಕ್ಕೆ ಕಳುಹಿಸಿ ಎಂಬ ಸೂಚನೆ. ಕಳುಹಿಸಿದೆವು. ಮರುದಿನ, ಕಡತ ತೆರೆಯುತ್ತಿಲ್ಲ, ಪೆನ್ ಡ್ರೈವಿನಲ್ಲಿ ತಂದುಕೊಡಿ ಎಂದರು. ತಂದುಕೊಟ್ಟೆವು. ಆ ಪೆನ್ ಡ್ರೈವ್ ಮರಳಿ ಬರಲಿಲ್ಲ. ಕೇಳುವುದು ಸಣ್ಣತನವೆಂದು ನಾವೂ ಕೇಳಲಿಲ್ಲ.

ಸುಮಾರು ಆರು ತಿಂಗಳ ಮೇಲೆ ಪಕ್ಕದ ಕೈಗಾರಿಕಾ ಪ್ರದೇಶದ ಸ್ನೇಹಿತರೊಬ್ಬರು ಒಂದು ನಕ್ಷೆಯನ್ನು ತೋರಿಸಿ, "ಇದನ್ನು ಮಾಡಿಕೊಡಲು ನಮ್ಮನ್ನು ಕೇಳಿದ್ದಾರೆ, ಈ ಅಳತೆ ನಿಮ್ಮದಿದ್ದಂತಿದೆಯಲ್ಲ?" ಎಂದರು. ನಕ್ಷೆ ನಮ್ಮದೇ ಆಗಿತ್ತು. ಮೂಲೆಯಲ್ಲಿದ್ದ ನಮ್ಮ ಘಟಕದ ಹೆಸರನ್ನು ಅಳಿಸಲಾಗಿತ್ತು. ನಮ್ಮ ಕೆಲಸಗಾರರೊಬ್ಬರು ಟಿಪ್ಪಣಿಯಲ್ಲಿ ಮಾಡಿದ್ದ ಕಾಗುಣಿತದ ತಪ್ಪು ಮಾತ್ರ ಹಾಗೆಯೇ ಉಳಿದಿತ್ತು. ಅದು ಯಾರ ಕೈಯಿಂದ ಹೊರಗೆ ಹೋಯಿತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಯಾರನ್ನೂ ದೂರುವುದಿಲ್ಲ. ಆಧಾರವಿಲ್ಲ ಎಂಬುದೇ ಇಲ್ಲಿನ ದುರಂತ. ಜಾಲತಾಣದಲ್ಲಿದ್ದ ಕಡತವನ್ನು ಯಾರು ಯಾವ ಗಳಿಗೆಯಲ್ಲಿ ತೆರೆದರೆಂಬ ದಾಖಲೆ ಇರುತ್ತದೆ. ಪೆನ್ ಡ್ರೈವಿಗೆ ಅಂತಹ ದಾಖಲೆ ಇಲ್ಲ. ಎರಡು ವರ್ಷ ಶ್ರಮಿಸಿ ಸಿದ್ಧಪಡಿಸಿದ ವಿನ್ಯಾಸವೊಂದು ಹೀಗೆ ನಮ್ಮ ಕೈತಪ್ಪಿತು.

ಇದು ನಮ್ಮೊಬ್ಬರ ಕಥೆಯಲ್ಲವೆಂದು ಭಾವಿಸುತ್ತೇನೆ. ಪ್ರಮಾಣಪತ್ರದ ಪ್ರತಿಯನ್ನು ವಾಟ್ಸ್‌ಆ್ಯಪ್ ಮಾಡಿ, ಬ್ಯಾಂಕಿನ ವಿವರವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸಿ ಎಂಬ ಮಾತನ್ನು ಕೇಳದ ವರ್ತಕರು ವಿರಳ. ವಾಟ್ಸ್‌ಆ್ಯಪ್ ಸಂದೇಶ ಹಾದಿಯಲ್ಲಿ ಗೂಢಲಿಪಿಯಲ್ಲೇ ಸಾಗುತ್ತದೆ, ನಿಜ. ಆದರೆ ತಲುಪಿದ ಮೇಲೆ ಅದು ಕಚೇರಿಯ ಕಡತವಾಗಿ ಉಳಿಯುವುದಿಲ್ಲ. ನೌಕರರೊಬ್ಬರ ಸ್ವಂತ ಫೋನಿನ ಚಿತ್ರವಾಗಿಬಿಡುತ್ತದೆ. ಅವರಿಗೆ ವರ್ಗವಾದರೂ, ಫೋನು ಕಳೆದರೂ, ಮಾರಿದರೂ ಅದು ಅದರ ಜೊತೆಗೇ ಹೋಗುತ್ತದೆ. 2022ರ ಜೂನ್‌ನಲ್ಲಿ ಎನ್.ಐ.ಸಿ. ಕೇಂದ್ರ ಸರ್ಕಾರದ ನೌಕರರಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸರ್ಕಾರಿ ಕಡತಗಳನ್ನು ಖಾಸಗಿ ಕ್ಲೌಡ್ ಸೇವೆಗಳಲ್ಲಿ ಇಡಬಾರದು, ಆಂತರಿಕ ಕಾಗದಪತ್ರಗಳನ್ನು ಹೊರಗಿನ ಮೊಬೈಲ್ ಸ್ಕ್ಯಾನರ್ ಆ್ಯಪ್‌ಗಳಿಂದ ಸ್ಕ್ಯಾನ್ ಮಾಡಬಾರದು ಎಂದು ತಿಳಿಸಲಾಗಿದೆ. ನಿಯಮ ಹೀಗಿರುವಾಗ ನಾವು ಕೊಟ್ಟ ಕಾಗದಗಳಿಗೂ ಅದೇ ಮರ್ಯಾದೆ ಸಲ್ಲಬೇಕಲ್ಲವೆ?

ಇತರರು ಕಲಿತ ಪಾಠ

ಕೀಲಿ ಹಾಕದ ಮಾಹಿತಿಯ ಬೆಲೆ ಏನೆಂಬುದಕ್ಕೆ ಬ್ರಿಟನ್ನಿನ ತೆರಿಗೆ ಇಲಾಖೆಯ ಉದಾಹರಣೆ ಪ್ರಸಿದ್ಧವಾಗಿದೆ. 2007ರ ಅಕ್ಟೋಬರ್‌ನಲ್ಲಿ ಆ ಇಲಾಖೆಯ ಕಚೇರಿಯಿಂದ ಲಂಡನ್ನಿನ ಲೆಕ್ಕಪರಿಶೋಧನಾ ಸಂಸ್ಥೆಗೆ ಎರಡು ಸಿ.ಡಿ.ಗಳನ್ನು ಸಾಮಾನ್ಯ ಅಂಚೆಯಂತೆ ಕಳುಹಿಸಲಾಯಿತು. ಅವು ತಲುಪಲೇ ಇಲ್ಲ. ಅವುಗಳಲ್ಲಿ ಮಕ್ಕಳ ಭತ್ಯೆ ಪಡೆಯುತ್ತಿದ್ದ ಕುಟುಂಬಗಳ ಸುಮಾರು 2.5 ಕೋಟಿ ಜನರ ಹೆಸರು, ವಿಳಾಸ, ಹಲವರ ಬ್ಯಾಂಕ್ ಖಾತೆಯ ವಿವರಗಳಿದ್ದವು. ಪಾಸ್‌ವರ್ಡ್ ಇತ್ತು, ಗೂಢಲಿಪೀಕರಣ ಇರಲಿಲ್ಲ. ಪಾಸ್‌ವರ್ಡ್ ಬಾಗಿಲಿಗೆ ಹಾಕಿದ ಚಿಲಕವಿದ್ದಂತೆ. ಚಿಲಕ ಮುರಿದರೆ ಒಳಗಿನದೆಲ್ಲ ತೆರೆದೇ ಇರುತ್ತದೆ. ಲೆಕ್ಕಪರಿಶೋಧಕರು ಬ್ಯಾಂಕ್ ವಿವರಗಳು ಬೇಡವೆಂದೇ ಕೇಳಿದ್ದರು. ಅವನ್ನು ಬೇರ್ಪಡಿಸಲು ವೆಚ್ಚ ತಗಲುತ್ತದೆಂದು ಇಡೀ ಪಟ್ಟಿಯನ್ನೇ ಕಳುಹಿಸಲಾಗಿತ್ತು. ಇಲಾಖೆಯ ಮುಖ್ಯಸ್ಥರು ರಾಜೀನಾಮೆ ನೀಡಿದರು. ಗೂಢಲಿಪಿಯಲ್ಲಿದ್ದಿದ್ದರೆ ಕಳೆದುಹೋಗುತ್ತಿದ್ದುದು ಎರಡು ಸಿ.ಡಿ. ಮಾತ್ರ.

ಹಾಗೆಂದು ಗೂಢಲಿಪೀಕರಣವೊಂದೇ ಸರ್ವರೋಗಕ್ಕೂ ಮದ್ದು ಎಂದು ನಂಬುವುದೂ ತಪ್ಪು. 2015ರಲ್ಲಿ ಅಮೆರಿಕದ ಕೇಂದ್ರ ಸಿಬ್ಬಂದಿ ಆಡಳಿತ ಕಚೇರಿಯಿಂದ 2.15 ಕೋಟಿ ಜನರ ಹಿನ್ನೆಲೆ ತನಿಖೆಯ ದಾಖಲೆಗಳು ಕಳುವಾದ ಸಂಗತಿ ಬಯಲಾಯಿತು. ಗುರುತಿನ ಸಂಖ್ಯೆಗಳನ್ನೇಕೆ ಗೂಢಲಿಪಿಯಲ್ಲಿಡಲಿಲ್ಲ ಎಂದು ಅಲ್ಲಿನ ಸಂಸದರು ಕೇಳಿದಾಗ, ಇಟ್ಟಿದ್ದರೂ ಈ ಪ್ರಕರಣದಲ್ಲಿ ಪ್ರಯೋಜನವಾಗುತ್ತಿರಲಿಲ್ಲ ಎಂಬ ಉತ್ತರ ಬಂತು. ಕಾರಣ, ಕಳ್ಳರು ಅಧಿಕೃತ ಬಳಕೆದಾರರ ಗುರುತನ್ನೇ ಕದ್ದು ಒಳಗೆ ಪ್ರವೇಶಿಸಿದ್ದರು. ಬೀಗದ ಕೈಯನ್ನೇ ಹಿಡಿದು ಬಂದವನಿಗೆ ಬೀಗ ಅಡ್ಡಿಯಾಗುವುದಿಲ್ಲ.

ನಮ್ಮ ದೇಶದ ಎರಡು ಪ್ರಕರಣಗಳು ಟೆಂಡರುದಾರರಿಗೆ ಇನ್ನೂ ಹತ್ತಿರವಾದವು. 2018ರಲ್ಲಿ ಮಧ್ಯಪ್ರದೇಶದ ಇ-ಟೆಂಡರು ಜಾಲತಾಣದಲ್ಲಿ ಕೆಲವು ಕಾಮಗಾರಿಗಳ ದರಗಳನ್ನು ಒಳಗಿನಿಂದಲೇ ನೋಡಿ ತಿದ್ದಲಾಗಿದೆ ಎಂಬ ಆರೋಪ ಹೊರಬಿದ್ದು, 2019ರ ಏಪ್ರಿಲ್‌ನಲ್ಲಿ ಅಲ್ಲಿನ ಆರ್ಥಿಕ ಅಪರಾಧ ವಿಭಾಗ ಮೊಕದ್ದಮೆ ದಾಖಲಿಸಿತು. 2019ರಲ್ಲೇ ನಮ್ಮ ರಾಜ್ಯದ ಇ-ಸಂಗ್ರಹಣಾ ಜಾಲತಾಣದಿಂದ ಟೆಂಡರುದಾರರಿಗೆ ಮರಳಬೇಕಾಗಿದ್ದ ಇ.ಎಂ.ಡಿ. ಠೇವಣಿಯ ಹಣದಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚು ಮೊತ್ತ ಬೇರೆ ಖಾತೆಗಳಿಗೆ ಹೋಗಿ, ಪ್ರಕರಣ ಸಿ.ಐ.ಡಿ. ತನಿಖೆಗೆ ಒಳಪಟ್ಟಿತು. ತಪ್ಪಿತಸ್ಥರು ಯಾರೆಂಬುದು ನ್ಯಾಯಾಲಯಗಳಿಗೆ ಬಿಟ್ಟ ವಿಷಯ. ವರ್ತಕರು ಗ್ರಹಿಸಬೇಕಾದುದು ಇಷ್ಟೆ: ಜಾಲತಾಣದಲ್ಲಿ ಗೂಢಲಿಪೀಕರಣವಿದೆ ಎಂಬ ಒಂದೇ ಮಾತಿಗೆ ನಿಶ್ಚಿಂತರಾಗಬಾರದು. ಕೀಲಿ ಯಾರ ವಶದಲ್ಲಿದೆ, ಅದರ ಬಳಕೆಯ ದಾಖಲೆಯನ್ನು ಹೊರಗಿನ ಯಾರು ಪರಿಶೀಲಿಸುತ್ತಾರೆ ಎಂದೂ ಕೇಳಬೇಕು.

ಕಾನೂನಿನಲ್ಲಿರುವ ಬಿರುಕು

ಕಾನೂನು ಸಂಪೂರ್ಣ ಮೌನವಾಗಿಲ್ಲ. 2017ರ ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 158ನೆಯ ಪ್ರಕರಣ, ನಮ್ಮ ಲೆಕ್ಕಪತ್ರಗಳ ವಿವರವನ್ನು ಅಧಿಕಾರಿಗಳು ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ. ಮಾಹಿತಿ ಹಕ್ಕು ಅಧಿನಿಯಮದ 8ನೆಯ ಪ್ರಕರಣವೂ ವಾಣಿಜ್ಯ ರಹಸ್ಯಗಳಿಗೆ ರಕ್ಷಣೆ ನೀಡಿದೆ. ಇವು ಅಧಿಕಾರಿ ಬಾಯಿ ಬಿಡಬಾರದೆಂದು ಹೇಳುವ ವಿಧಿಗಳು. ಕಪಾಟಿಗೆ ಎಂತಹ ಬೀಗ ಇರಬೇಕೆಂದು ಹೇಳುವ ವಿಧಿಗಳಲ್ಲ.

ಬೀಗದ ಮಾತು ಬರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ. ಸೂಕ್ತ ಭದ್ರತೆ ಒದಗಿಸದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಭದ್ರತಾ ಕ್ರಮಗಳ ಪೈಕಿ ಗೂಢಲಿಪೀಕರಣವನ್ನು ಹೆಸರಿಸಿಯೇ ಹೇಳಿವೆ. ಆದರೆ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ಈ ಕಾನೂನು ಕಾಪಾಡುವುದು ವ್ಯಕ್ತಿಯ ಮಾಹಿತಿಯನ್ನು. ಮಾಲೀಕನ ಆಧಾರ್ ಸಂಖ್ಯೆ ಅದರ ವ್ಯಾಪ್ತಿಗೆ ಬರುತ್ತದೆ. ಕಂಪನಿಯ ದರಪಟ್ಟಿ, ನಕ್ಷೆ, ತಯಾರಿಕೆಯ ಸೂತ್ರ ಬರುವುದಿಲ್ಲ. ಎರಡು, ಸರ್ಕಾರವು ತನ್ನ ಕೆಲವು ಸಂಸ್ಥೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ನೀಡಬಹುದು. ಹೀಗಾಗಿ ವರ್ತಕನ ಹೊಟ್ಟೆಪಾಡಿಗೆ ಸಂಬಂಧಿಸಿದ ಮಾಹಿತಿಯೇ ಈ ರಕ್ಷಣೆಯ ಹೊರಗೆ ಉಳಿದುಬಿಟ್ಟಿದೆ.

ಗೂಢಲಿಪೀಕರಣದ ವಿಧಾನಗಳನ್ನು ನಿಗದಿಪಡಿಸುವ ಅಧಿಕಾರವನ್ನು 2008ರ ತಿದ್ದುಪಡಿಯ ಮೂಲಕ ಮಾಹಿತಿ ತಂತ್ರಜ್ಞಾನ ಅಧಿನಿಯಮ ಕೇಂದ್ರಕ್ಕೆ ಕೊಟ್ಟಿತು. ಅದರಂತೆ 2015ರ ಸೆಪ್ಟೆಂಬರ್‌ನಲ್ಲಿ ಒಂದು ಕರಡು ನೀತಿ ಹೊರಬಂತು. ಗೂಢಲಿಪಿಯಲ್ಲಿ ಕಳುಹಿಸಿದ ಸಂದೇಶಗಳ ಬಿಡಿಪಠ್ಯವನ್ನು 90 ದಿನ ಕಾದಿರಿಸಿ, ಕೇಳಿದಾಗ ಒಪ್ಪಿಸಬೇಕೆಂಬ ಷರತ್ತು ಅದರಲ್ಲಿತ್ತು. ಬೀಗ ಹಾಕಿ, ಆದರೆ ಒಳಗಿನ ವಸ್ತುವಿನ ಇನ್ನೊಂದು ಪ್ರತಿಯನ್ನು ಜಗುಲಿಯ ಮೇಲಿಡಿ ಎಂದಂತಾಗಿತ್ತು ಅದು. ವ್ಯಾಪಕ ಟೀಕೆಯ ನಂತರ ಕೆಲವೇ ದಿನಗಳಲ್ಲಿ ಕರಡನ್ನು ಹಿಂಪಡೆಯಲಾಯಿತು. ಅದು ಸರಿಯಾದ ನಿರ್ಧಾರವೇ. ಆದರೆ ಪ್ರಜೆಗಳು ಏನು ಮಾಡಬೇಕೆಂಬ ಚರ್ಚೆಯಲ್ಲಿ, ಸರ್ಕಾರಿ ಕಚೇರಿ ಏನು ಮಾಡಬೇಕೆಂಬ ಪ್ರಶ್ನೆ ಹಿಂದೆ ಸರಿದುಹೋಯಿತು.

ಆಕ್ಷೇಪಣೆಗಳು ಮತ್ತು ಸಮಾಧಾನ

ಅಧಿಕಾರಿಗಳ ಕಡೆಯಿಂದ ಮೂರು ಆಕ್ಷೇಪಣೆಗಳು ಬರುತ್ತವೆ. ಇದಕ್ಕೆ ಹಣವೆಲ್ಲಿದೆ ಎಂಬುದು ಮೊದಲನೆಯದು. ಅಮೆರಿಕ ಸರ್ಕಾರ 2001ರಲ್ಲಿ ಮಾನಕವಾಗಿ ಅಂಗೀಕರಿಸಿದ ಎ.ಇ.ಎಸ್. ಎಂಬ ಗೂಢಲಿಪಿ ಇಂದು ಲೋಕಕ್ಕೆಲ್ಲ ಮುಕ್ತವಾಗಿದೆ. ಕಚೇರಿಗಳ ಬಹುಪಾಲು ಗಣಕಯಂತ್ರಗಳಲ್ಲಿ ಇಡೀ ಡಿಸ್ಕಿಗೆ ಕೀಲಿ ಹಾಕುವ ಸೌಲಭ್ಯವನ್ನು ಅದರೊಂದಿಗೇ ಪಡೆಯಬಹುದು ಅಥವಾ ಉಚಿತ ತಂತ್ರಾಂಶದಿಂದ ಅಳವಡಿಸಬಹುದು. ಇಲ್ಲಿ ಹಣಕ್ಕಿಂತ ಶಿಸ್ತಿನ ಕೊರತೆಯೇ ದೊಡ್ಡದು.

ಕೀಲಿ ಕಳೆದರೆ ಕಡತವೇ ಕಳೆದಂತೆ ಎಂಬುದು ಎರಡನೆಯ ಆಕ್ಷೇಪಣೆ. ಇದು ನಿಜವಾದ ತೊಂದರೆ. ಅಧಿಕಾರಿಯ ಡಿಜಿಟಲ್ ಸಹಿಯ ಅವಧಿ ಮುಗಿದರೆ, ಟೋಕನ್ ಕಳೆದರೆ ಟೆಂಡರು ತೆರೆಯುವುದೇ ಕಷ್ಟವಾಗುತ್ತದೆ. ಆದ್ದರಿಂದಲೇ ಒಬ್ಬರಿಗಿಂತ ಹೆಚ್ಚು ಅಧಿಕಾರಿಗಳನ್ನು ನೇಮಿಸುವ ಪದ್ಧತಿ ಬಂದಿದೆ. ಖಜಾನೆಯ ಬೀಗದ ಕೈಯನ್ನು ಇಬ್ಬರ ವಶಕ್ಕೆ ಕೊಟ್ಟು, ವರ್ಗಾವಣೆಯ ದಿನ ಲಿಖಿತವಾಗಿ ಹಸ್ತಾಂತರಿಸುವ ಶಿಸ್ತು ನಮ್ಮ ಆಡಳಿತಕ್ಕೆ ಗೊತ್ತಿದೆ. ಅದೇ ಶಿಸ್ತು ಈ ಕೀಲಿಗೂ ಬೇಕು.

ಗೂಢಲಿಪಿಯ ನೆಪದಲ್ಲಿ ಪಾರದರ್ಶಕತೆ ಕುಗ್ಗುತ್ತದೆ ಎಂಬುದು ಮೂರನೆಯದು. ಈ ಆತಂಕಕ್ಕೆ ನಾವೂ ದನಿಗೂಡಿಸಬೇಕು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗೆಂದೇ 1999ರಲ್ಲಿ ಪ್ರತ್ಯೇಕ ಅಧಿನಿಯಮ ಮಾಡಿಕೊಂಡ ರಾಜ್ಯ ನಮ್ಮದು. ಟೆಂಡರು ತೆರೆಯುವ ಗಳಿಗೆಯವರೆಗೆ ಗೌಪ್ಯತೆ, ತೆರೆದ ಮೇಲೆ ಯಾರಿಗೆ ಯಾವ ದರಕ್ಕೆ ಏಕೆ ಕೊಟ್ಟಿರೆಂಬುದರಲ್ಲಿ ಸಂಪೂರ್ಣ ಬಹಿರಂಗ, ಇವೆರಡೂ ಒಟ್ಟಿಗೇ ಇರಬೇಕು. ನಮ್ಮ ವಿನ್ಯಾಸದ ನಕ್ಷೆಯನ್ನು ಮುಚ್ಚಿಡುವುದು ಒಂದು ಮಾತು, ಇಲಾಖೆಯ ನಿರ್ಧಾರವನ್ನು ಮುಚ್ಚಿಡುವುದು ಬೇರೆಯೇ ಮಾತು.

ಮೊದಲು ನಮ್ಮ ಮನೆಯನ್ನು ನೋಡಿಕೊಳ್ಳೋಣ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮತ್ತಲೂ ಬೆರಳು ತೋರಿಸಿಕೊಳ್ಳಬೇಕು. ನಮ್ಮಲ್ಲಿ ಎಷ್ಟು ಮಂದಿಯ ಡಿಜಿಟಲ್ ಸಹಿಯ ಟೋಕನ್ ನಮ್ಮ ಮೇಜಿನ ಖಾನೆಯಲ್ಲಿದೆ? ಬಹುಪಾಲು ಟೋಕನ್‌ಗಳು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಅಥವಾ ಟೆಂಡರು ತುಂಬಿಕೊಡುವ ಸೈಬರ್ ಅಂಗಡಿಯಲ್ಲಿ ಇತರ ಹತ್ತಾರು ಟೋಕನ್‌ಗಳ ಜೊತೆ ಒಂದೇ ಡಬ್ಬಿಯಲ್ಲಿರುತ್ತವೆ. ಮೇಲೆ ನಮ್ಮ ಹೆಸರಿನ ಚೀಟಿ, ಅದರ ಮೇಲೆಯೇ ಪಿನ್ ಸಂಖ್ಯೆ! ಒಂದೇ ಟೆಂಡರಿಗೆ ಮೂವರು ಪ್ರತಿಸ್ಪರ್ಧಿಗಳು ಒಂದೇ ಅಂಗಡಿಯಿಂದ, ಒಂದೇ ಗಣಕಯಂತ್ರದಿಂದ ದರ ತುಂಬಿಸಿದರೆ ಸರ್ಕಾರದ ಗೂಢಲಿಪಿ ಯಾವ ಗುಟ್ಟನ್ನು ಕಾಪಾಡೀತು? ಮಾಹಿತಿ ತಂತ್ರಜ್ಞಾನ ಅಧಿನಿಯಮದ 42ನೆಯ ಪ್ರಕರಣದಂತೆ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವ ಹೊಣೆ ಸಹಿದಾರನದೇ. ಕೀಲಿ ಪರರ ಪಾಲಾದರೆ ತಡಮಾಡದೆ ಪ್ರಮಾಣೀಕರಣ ಸಂಸ್ಥೆಗೆ ತಿಳಿಸುವ ಹೊಣೆಯೂ ನಮ್ಮದೇ. ಖಾಲಿ ಚೆಕ್ಕಿಗೆ ಸಹಿ ಮಾಡಿ ಬೇರೆಯವರ ಕೈಗೆ ಕೊಡದವರು, ಡಿಜಿಟಲ್ ಸಹಿಯನ್ನು ಮಾತ್ರ ಹೀಗೆ ಕೊಟ್ಟುಬಿಡುವುದು ವಿಚಿತ್ರ.

ಏನು ಆಗಬೇಕು

ಸರ್ಕಾರದ ಮುಂದೆ ನಮ್ಮ ಸಂಸ್ಥೆ ಈ ಕೆಳಗಿನ ಬೇಡಿಕೆಗಳನ್ನು ಇಡಬೇಕೆಂದು ಸೂಚಿಸುತ್ತೇನೆ.

1. ಟೆಂಡರಿನ ನಂತರದ ಸ್ಪಷ್ಟೀಕರಣ, ದರ ವಿಶ್ಲೇಷಣೆ, ನಕ್ಷೆ ಇವೆಲ್ಲವನ್ನೂ ಅದೇ ಜಾಲತಾಣದ ಮೂಲಕವೇ ಪಡೆಯಬೇಕು. ಖಾಸಗಿ ಇ-ಮೇಲ್, ವಾಟ್ಸ್‌ಆ್ಯಪ್, ಪೆನ್ ಡ್ರೈವ್ ಮೂಲಕ ಕೇಳುವುದನ್ನು ಲಿಖಿತ ಆದೇಶದಿಂದ ನಿಷೇಧಿಸಬೇಕು. ಅಂತಹ ದಾರಿಯಲ್ಲಿ ಕಳುಹಿಸಲು ನಿರಾಕರಿಸಿದ ಕಾರಣಕ್ಕೆ ಯಾವ ಟೆಂಡರುದಾರನೂ ಅನರ್ಹನಾಗಬಾರದು.

2. ವರ್ತಕರ ಮಾಹಿತಿ ಇರುವ ಕಚೇರಿಯ ಪ್ರತಿ ಗಣಕಯಂತ್ರ, ಲ್ಯಾಪ್‌ಟಾಪ್, ಬ್ಯಾಕಪ್ ಪ್ರತಿ ಗೂಢಲಿಪಿಯಲ್ಲಿರಬೇಕು. ಹಳೆಯ ಯಂತ್ರಗಳನ್ನು ಹರಾಜು ಹಾಕುವ ಮುನ್ನ ಡಿಸ್ಕನ್ನು ಅಳಿಸಿದ ಬಗ್ಗೆ ಪ್ರಮಾಣಪತ್ರ ಇರಬೇಕು.

3. ಕೀಲಿಗಳ ವಶ ಮತ್ತು ಹಸ್ತಾಂತರಕ್ಕೆ ಪ್ರತ್ಯೇಕ ದಾಖಲೆ ಪುಸ್ತಕವಿರಬೇಕು. ಕಡತ ತೆರೆದವರ ದಾಖಲೆಯನ್ನು ಇಲಾಖೆಯ ಹೊರಗಿನ ಪರಿಶೋಧಕರು ಪರಿಶೀಲಿಸಬೇಕು.

4. ಭದ್ರತೆಗೆ ಧಕ್ಕೆಯಾದರೆ 6 ಗಂಟೆಯೊಳಗೆ ಸಿ.ಇ.ಆರ್.ಟಿ.-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ಅದೇ ರೀತಿ ಯಾರ ವಾಣಿಜ್ಯ ಮಾಹಿತಿ ಸೋರಿದೆಯೋ ಅವರಿಗೂ ತಿಳಿಸುವ ನಿಯಮ ಬರಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಈ ತಿಂಗಳೊಳಗೆ ಪ್ರತಿ ಸದಸ್ಯರೂ ತಮ್ಮ ಟೋಕನ್ನನ್ನು ವಾಪಸು ತಂದು, ಪಿನ್ ಬದಲಿಸಿ, ಸ್ವಂತ ಕಪಾಟಿನಲ್ಲಿಡಲಿ. ಸಹಿ ಹಾಕುವಾಗ ಎದುರಿಗೆ ಕುಳಿತು ಹಾಕಿಸಲಿ. ಸಂಸ್ಥೆಯ ಕಚೇರಿಯಲ್ಲಿ ಒಂದು ದಿನದ ತರಬೇತಿ ಶಿಬಿರ ಏರ್ಪಡಿಸಿದರೆ ಸಣ್ಣ ಘಟಕಗಳಿಗೆ ದೊಡ್ಡ ಉಪಕಾರವಾದೀತು.

ಜಾತ್ರೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿಯುವ ರೈತನಿಗೆ ಎದುರಿನ ಕೈ ಯಾರದೆಂದು ಗೊತ್ತಿರುತ್ತದೆ. ನಮ್ಮ ಎದುರಿನ ಕೈ ಯಾರದೆಂದು ತಿಳಿಯುವ ಹಕ್ಕನ್ನಷ್ಟೇ ನಾವು ಕೇಳುತ್ತಿದ್ದೇವೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಸದಸ್ಯರು ತಮ್ಮ ಅನುಭವಗಳನ್ನು ಲಿಖಿತವಾಗಿ ಸಂಸ್ಥೆಯ ಕಚೇರಿಗೆ ತಲುಪಿಸಿದಲ್ಲಿ ಮನವಿಗೆ ಬಲ ಬರುತ್ತದೆ.